ಗಾಳಿಮನೆಗೆ ಕಟ್ಟಿದ ರಾಗಿ ಮೂಟೆ

ಚಾಮರಾಜಪೇಟೆಯ ಆ ಮನೆಯ ಗೇಟು ದಾಟಿದ ಕೂಡಲೇ ನಾನು ನೋಡಿದ್ದು ನೆಲವನ್ನು. ಮನೆಯ ಯಜಮಾನರು ಪಾಪ, ಜಗಲಿಯ ಕಂಬದ ಕೆತ್ತನೆ ತೋರಿಸುತ್ತಿದ್ದರು, ಅವರ ತಂದೆಯ ಕಾಲದ ಮರದ ಜೋಕಾಲಿ ತೋರಿಸುತ್ತಿದ್ದರು. ನಾನೋ ತಲೆ ತಗ್ಗಿಸಿಕೊಂಡು ಅಂಗಳದ ಚಪ್ಪಡಿ ಕಲ್ಲುಗಳನ್ನು ಹಿಮ್ಮಡಿಯಿಂದ ತಟ್ಟುತ್ತಾ ಓಡಾಡುತ್ತಿದ್ದೆ. ಏನಾದರೂ ಕಳೆದುಕೊಂಡಿರೇನಮ್ಮ ಎಂದು ಅವರು ಕೇಳಿದರು. ಕಳೆದುಕೊಂಡಿಲ್ಲ, ಮಣ್ಣು ಹುಡುಕುತ್ತಿದ್ದೇನೆ ಎಂದೆ.

ನಮ್ಮದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಮಕ್ಕಳು ಹತ್ತಿ ಕುಣಿಯುವ, ಗಾಳಿ ತುಂಬಿದ ಮನೆಯೂ ನಮ್ಮಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಅದನ್ನು ಬೌನ್ಸಿ ಎನ್ನುತ್ತೇವೆ, ಮಕ್ಕಳು ಜಂಪಿಂಗ್ ಎನ್ನುತ್ತಾರೆ. ನಮ್ಮ ಅತ್ತೆಯವರು ಮೊದಲ ಸಲ ಅದು ಉಬ್ಬಿ ನಿಂತದ್ದನ್ನು ನೋಡಿ, ‘ಏನೇ ಇದು ಗಾಳಿಮನೆ’ ಅಂದಿದ್ದರು. ಅವತ್ತಿನಿಂದ ನನ್ನ ಬಾಯಲ್ಲಿ ಅದು ಗಾಳಿಮನೆಯೇ. ಹೆಸರು ಚೆನ್ನಾಗಿದೆ, ಆದರೆ ಆ ಹೆಸರಲ್ಲೇ ಅದರ ಗುಟ್ಟೂ ಇದೆ. ಗಾಳಿಯಿಂದಾದ ಮನೆಗೆ ಗಾಳಿಯೇ ಶತ್ರು. ದಪ್ಪ ಟಾರ್ಪಾಲಿನ್ನಿನ ಆ ಗೋಡೆಗಳು ಬೀಸುಗಾಳಿಗೆ ಹಾಯಿ ಇದ್ದ ಹಾಗೆ. ಒಳಗೆ ಹತ್ತು ಮಕ್ಕಳಿದ್ದಾರೆ, ಅದೇ ಭಾರ ಸಾಕಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಕುಣಿಯುವ ಮಕ್ಕಳು ಅರ್ಧ ಹೊತ್ತು ನೆಲದ ಮೇಲೇ ಇರುವುದಿಲ್ಲ, ಇನ್ನೆಲ್ಲಿಯ ಭಾರ? ಅದಕ್ಕೇ ಅದರ ಮೂಲೆಗಳಲ್ಲಿ ಕಬ್ಬಿಣದ ಕಡಗಗಳಿರುತ್ತವೆ. ಮಣ್ಣಾದರೆ ಆ ಕಡಗಗಳಿಗೆ ಉದ್ದನೆಯ ಗೂಟ ಹೊಡೆದು ಬಿಗಿಯುತ್ತೇವೆ. ಕಲ್ಲಾದರೆ ಭಾರ ಕಟ್ಟಬೇಕು. ಈ ಅಂಗಳದಲ್ಲಿ ಗೂಟ ಹೊಡೆಯಲು ಒಂದು ಗೇಣು ಮಣ್ಣೂ ಇರಲಿಲ್ಲ.

ಯಜಮಾನರದು ತರಗುಪೇಟೆಯಲ್ಲಿ ಧಾನ್ಯದ ಸಗಟು ವ್ಯಾಪಾರ. ಮೊಮ್ಮಗಳಿಗೆ ಒಂದು ವರ್ಷ ತುಂಬುತ್ತಿತ್ತು. ಒಂದು ವರ್ಷದ ಕೂಸು ಗಾಳಿಮನೆಯಲ್ಲಿ ಕುಣಿಯುವುದುಂಟೆ? ಮೊಮ್ಮಗಳದು ನೆಪ ಅಷ್ಟೇ, ಆಸೆ ಅವಳ ಅಣ್ಣನದು. ಆರು ವರ್ಷದ ಆ ಹುಡುಗ ಜೋಕಾಲಿಯ ಸರಪಳಿ ಹಿಡಿದು ನಿಂತು ನಮ್ಮ ಮಾತನ್ನೆಲ್ಲ ಕೇಳುತ್ತಿದ್ದ. ಎಡಗೈಯನ್ನು ಮಾತ್ರ ಹೊಟ್ಟೆಗೆ ಒತ್ತಿಕೊಂಡಿದ್ದ.

ಅಳತೆ ಹಿಡಿದು ಹೊರಟಾಗ ಆ ಮಕ್ಕಳ ತಾಯಿ ಗೇಟಿನವರೆಗೆ ಬಂದರು. ಕಳಿಸಿಕೊಡಲು ಬಂದವರ ಹಾಗೆ ಬಂದು, ಒಳಗೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ಅಕ್ಕಾ, ಅಂಗಳ ಚಿಕ್ಕದು, ಆಗಲ್ಲ ಅಂತ ನೀವೇ ಮಾವನ ಹತ್ರ ಹೇಳ್ಬಿಡಿ. ನಾನು ಹೇಳಿದ್ರೆ ಕೇಳಲ್ಲ ಅವರು.”

ಯಾಕೆಂದು ವಿಚಾರಿಸಿದೆ. ಹಿಂದಿನ ವರ್ಷ ಬೇರೆ ಯಾರದೋ ಹುಟ್ಟುಹಬ್ಬಕ್ಕೆ ಹೋಗಿದ್ದರಂತೆ. ಅಲ್ಲೂ ಇಂಥದೇ ಬೌನ್ಸಿ. ನೋಡಿಕೊಳ್ಳಲು ಯಾರೂ ಇರಲಿಲ್ಲ, ದೊಡ್ಡ ಹುಡುಗರು ಸಣ್ಣವರು ಎಲ್ಲ ಒಟ್ಟಿಗೇ ನುಗ್ಗಿದ್ದರು. ಹೈಸ್ಕೂಲಿನ ಹುಡುಗನೊಬ್ಬ ಹಾರಿ ಇವರ ಮಗನ ಮೇಲೆ ಬಿದ್ದ. ಎಡ ಮೊಣಕೈ ಮುರಿಯಿತು. ಆಪರೇಷನ್ ಮಾಡಿ ತಂತಿ ಹಾಕಿದರು, ಆಮೇಲೆ ತೆಗೆದರು. ಈಗ ಕೈ ಸರಿಯಾಗಿದೆ, ಎಲ್ಲ ಮಕ್ಕಳ ಹಾಗೆ ಆಡಲಿ ಬಿಡಿ ಎಂದು ಡಾಕ್ಟರೇ ಹೇಳಿದ್ದಾರೆ.

“ಡಾಕ್ಟರು ಹೇಳ್ತಾರೆ. ಅವತ್ತು ಅವನು ಕೂಗಿದ್ದು ಕೇಳಿದೋಳು ನಾನು.”

ಹುಡುಗನಿಗೆ ಹೆದರಿಕೆಯೇ ಎಂದು ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. “ಅವನು ದಿನಾ ಕೇಳ್ತಾನೆ, ಯಾವಾಗ ಬರತ್ತೆ ಅಂತ. ಹೆದರಿಕೆ ಇರೋದು ನಂಗೆ.”

ಅಂಗಳ ಸಾಕಷ್ಟು ದೊಡ್ಡದಿತ್ತು. ಇಲ್ಲದ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಅದರ ಬದಲು ಒಂದು ಮಾತು ಕೊಟ್ಟೆ. ಅಲ್ಲಿಂದ ನಾನು ಕದಲುವುದಿಲ್ಲ, ಸರಿಯಿಲ್ಲ ಅನ್ನಿಸಿದ ಗಳಿಗೆ ನಾನೇ ನಿಲ್ಲಿಸುತ್ತೇನೆ, ಯಜಮಾನರು ಬೈದರೂ ಸರಿ. “ಬೈತಾರೆ,” ಎಂದು ಅವರು ಸ್ವಲ್ಪ ನಕ್ಕರು. ಒಪ್ಪಿದರೋ ಬಿಟ್ಟರೋ ತಿಳಿಯಲಿಲ್ಲ.

ಉಳಿದದ್ದು ಭಾರದ ಮಾತು. ನಮ್ಮಲ್ಲಿ ಮರಳು ತುಂಬಿದ ಚೀಲಗಳಿವೆ, ಆದರೆ ಆ ವಾರ ಅವು ಮತ್ತಿಕೆರೆಯ ಒಂದು ಸಮಾರಂಭಕ್ಕೆ ಹೋಗಿದ್ದವು. ಬೇರೆಯವರಲ್ಲಿ ಕೇಳಿ ಹೊಂದಿಸುತ್ತೇನೆ ಎಂದು ಯಜಮಾನರಿಗೆ ಫೋನು ಮಾಡಿದರೆ ಅವರಿಗೆ ನಗು.

“ಭಾರ ತಾನೇನಮ್ಮ ನಿಮಗೆ ಬೇಕಾಗಿರೋದು? ನಮ್ಮನೆ ಕಸುಬೇ ಅದು. ಮೂಲೆಗೆ ನಾಲ್ಕು ರಾಗಿ ಮೂಟೆ ಇಳಿಸ್ತೀನಿ. ಎತ್ಕೊಂಡು ಹೋಗ್ಲಿ ನೋಡೋಣ ಗಾಳಿ.”

ಯೋಚಿಸಿದೆ. ಐವತ್ತು ಕೆಜಿಯ ಮೂಟೆ, ಬಾಯಿ ಹೊಲಿದದ್ದು, ಜಾರುವುದಿಲ್ಲ. ನಾಲ್ಕು ಸೇರಿದರೆ ನಮ್ಮ ಗಾಳಿಮನೆ ತಯಾರಿಸಿದವರು ಒಂದು ಮೂಲೆಗೆ ಇಷ್ಟಿರಲಿ ಎಂದು ಹೇಳಿದ್ದಕ್ಕಿಂತ ಹೆಚ್ಚೇ ಆಗುತ್ತದೆ. ಸರಿ ಎಂದೆ. ಒಂದೇ ಷರತ್ತು, ನಾನು ಹೇಳುವವರೆಗೆ ಯಾರೂ ಆ ಮೂಟೆ ಮುಟ್ಟಬಾರದು. ‘ಆಯ್ತು ತಾಯಿ’ ಎಂದರು.

ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ನಾನೂ ನನ್ನ ಮೈದುನನೂ ಸಾಮಾನು ಇಳಿಸಿದೆವು. ವೈರು, ಜನರೇಟರು ಎಲ್ಲ ಅವನ ಪಾಲಿನದು. ಮಾತು ಕಡಿಮೆ, ಊಟ ಜಾಸ್ತಿ ಎಂದು ಮನೆಯಲ್ಲಿ ಅವನನ್ನು ಆಡಿಕೊಳ್ಳುತ್ತೇವೆ. ಮೇ ತಿಂಗಳು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾಂಪೌಂಡ್ ಗೋಡೆಯ ಮೇಲೆ ಹಳೆಯ ಕಾಲದವರು ನೆಟ್ಟ ಗಾಜಿನ ಚೂರುಗಳಿದ್ದವು. ಅದಕ್ಕೆ ದೂರವಾಗಿ, ಬೀದಿಯ ವಿದ್ಯುತ್ ತಂತಿಗೂ ದೂರವಾಗಿ, ಊಟಕ್ಕೆ ಹಾಕಿದ್ದ ಶಾಮಿಯಾನದಿಂದ ಆಚೆಗೆ ಜಾಗ ಗುರುತು ಮಾಡಿದೆವು. ಬಾಗಿಲು ಜಗಲಿಯ ಕಡೆಗೆ, ಕೂತವರ ಕಣ್ಣಿಗೆ ಮಕ್ಕಳು ಕಾಣಲಿ ಎಂದು. ಗಾಳಿ ಊದುವ ಬ್ಲೋವರು ಹಿಂದುಗಡೆ, ಮಕ್ಕಳ ಕೈಗೆ ಸಿಗದ ಹಾಗೆ. ಹಿಂದಿನ ಎರಡು ಮೂಲೆಗಳು ಬಾಗಿಲಲ್ಲಿ ನಿಂತವರಿಗೆ ಕಾಣುತ್ತಿರಲಿಲ್ಲ. ಎಲ್ಲ ಕಡೆಯೂ ಹೀಗೇ ಇರುತ್ತದೆ, ಅದಕ್ಕಾಗಿ ಆಗಾಗ ಸುತ್ತು ಹಾಕಿ ಬರುವುದೇ ದಾರಿ. ನನ್ನ ಮೈದುನ ಇದನ್ನು ಪ್ರದಕ್ಷಿಣೆ ಎನ್ನುತ್ತಾನೆ.

ಮೂಟೆಗಳು ಬಂದವು. ನಾಲ್ಕನ್ನು ಒತ್ತಾಗಿ ಇಟ್ಟು, ಅಡಿಯಿಂದ ಬೆಲ್ಟು ಹಾಯಿಸಿ, ಲಾರಿಯ ಲೋಡು ಬಿಗಿಯುವ ಹಾಗೆ ಬಿಗಿದು, ಅದನ್ನು ಕೊಕ್ಕೆಯಿಂದ ಕಡಗಕ್ಕೆ ಸಿಕ್ಕಿಸಿದೆವು. ಬ್ಲೋವರು ಹಾಕಿದಾಗ ಗಾಳಿಮನೆ ನಿದ್ದೆಯಿಂದೆದ್ದ ಆನೆಯ ಹಾಗೆ ಒಂದೊಂದೇ ಕಾಲು ಊರಿ ನಿಂತಿತು. ಹೊಲಿಗೆ ನೋಡಿದೆವು. ಗಾಳಿ ಬಿಡುವ ಜಿಪ್ಪು ಪೂರ್ತಿ ಮುಚ್ಚಿ ಮೇಲಿನ ಪಟ್ಟಿ ಅಂಟಿಸಿದೆಯೇ ನೋಡಿದೆವು. ಒಂದೊಂದು ಮೂಲೆಯನ್ನೂ ಇಬ್ಬರೂ ಸೇರಿ ಜಗ್ಗಿದೆವು. ಅಲುಗಾಡಲಿಲ್ಲ.

ಕರೆಂಟಿನ ವಿಷಯ ಯಜಮಾನರಿಗೆ ಬಿಡಿಸಿ ಹೇಳಿದೆ. ಇದು ಬಲೂನಲ್ಲ, ಒಮ್ಮೆ ಊದಿ ಕಟ್ಟಿ ಇಡಲಾಗುವುದಿಲ್ಲ. ಹೊಲಿಗೆಯ ಸಂದಿನಿಂದ ಗಾಳಿ ಸದಾ ಸೋರುತ್ತಲೇ ಇರುತ್ತದೆ, ಬ್ಲೋವರು ಸದಾ ತುಂಬುತ್ತಲೇ ಇರಬೇಕು. ಬ್ಲೋವರು ನಿಂತರೆ ಗೋಡೆ ಮಕ್ಕಳ ಮೇಲೆ ಮಲಗುತ್ತದೆ. ಆದ್ದರಿಂದ ಅದಕ್ಕೆ ಬೇರೆಯದೇ ಪಾಯಿಂಟು, ಅಡುಗೆಯವರ ಗ್ರೈಂಡರು, ಮೈಕ್‌ಸೆಟ್ಟು ಯಾವುದೂ ಅದರ ಜೊತೆ ಬೇಡ. ಒಲೆಯ ಮೇಲೆ ಹಾಲಿಟ್ಟ ಹಾಗೆ, ಯಾರಾದರೂ ಎದುರಿಗೆ ನಿಂತೇ ಇರಬೇಕು.

ಕೇಕು ಮುಗಿಯಿತು, ಆರತಿ ಮುಗಿಯಿತು. ಮಕ್ಕಳ ದಂಡು ಬಂತು. ಚಪ್ಪಲಿ ಬಿಡಿಸಿ, ಕನ್ನಡಕ ತೆಗೆಸಿ, ಬಾಯಲ್ಲಿರುವ ಚಾಕಲೇಟು ನುಂಗಿಸಿ, ಜೇಬು ಖಾಲಿ ಮಾಡಿಸಿ ಒಳಗೆ ಬಿಡುವುದು ನನ್ನ ಪದ್ಧತಿ. ಒಬ್ಬನ ಜೇಬಿನಲ್ಲಿ ಮೊಳೆಯಿರುವ ಬುಗುರಿ ಸಿಕ್ಕಿತು. ಎಂಟು ವರ್ಷದ ಹುಡುಗಿಯೊಬ್ಬಳು ಮೊಗ್ಗಿನ ಜಡೆ ಹಾಕಿಸಿಕೊಂಡು ಬಂದಿದ್ದಳು. ಮಲ್ಲಿಗೆ ಮೊಗ್ಗನ್ನು ಸಾಲಾಗಿ ಹೊಲಿದು, ನೆತ್ತಿಯಿಂದ ಸೊಂಟದವರೆಗೆ ಪಿನ್ನು ಚುಚ್ಚಿ ನಿಲ್ಲಿಸಿದ್ದ ಜಡೆ. ಅದು ಕುಣಿದರೆ ಒಂದು ಪಿನ್ನು ಯಾರ ಕಣ್ಣಿಗೆ, ಇನ್ನೊಂದು ಯಾರ ಅಂಗಾಲಿಗೆ? ಜಡೆ ಬಿಚ್ಚಿಸಿಕೊಂಡು ಬಾ ಕಂದ ಎಂದರೆ ಅವಳ ಮುಖ ಸಣ್ಣದಾಯಿತು. ಅವಳ ತಾಯಿಯ ಮುಖ ಇನ್ನೂ ಸಣ್ಣದಾಯಿತು, ಬೆಳಿಗ್ಗೆಯಿಂದ ಕೂತು ಕಟ್ಟಿದವರು ಅವರಲ್ಲವೇ. ಮೊದಲು ಮನಸಾರೆ ಫೋಟೋ ತೆಗೆಸಿಕೊಳ್ಳಿ, ಗಾಳಿಮನೆ ಎಲ್ಲಿಗೂ ಹೋಗುವುದಿಲ್ಲ ಎಂದು ಕಳಿಸಿದೆ. ಊಟದ ಹೊತ್ತಿಗೆ ಎರಡು ಜಡೆ ಹಾಕಿಕೊಂಡು ಬಂದಳು.

ಗಲಾಟೆಯಾದದ್ದು ವಯಸ್ಸಿನ ಲೆಕ್ಕದಲ್ಲಿ. ನಾನು ಸಣ್ಣವರನ್ನು ಬೇರೆ, ದೊಡ್ಡವರನ್ನು ಬೇರೆ ಬಿಡುತ್ತೇನೆ ಎಂದಾಗ ಒಬ್ಬ ಚಿಕ್ಕಪ್ಪನಿಗೆ ಬೇಸರ. ಎಲ್ಲ ಅಣ್ಣತಮ್ಮಂದಿರ ಮಕ್ಕಳು, ಒಟ್ಟಿಗೆ ಆಡಲಿ ಬಿಡಿ, ಅವರಲ್ಲೇ ಭೇದ ಯಾಕೆ ಎಂದರು. ಮುರಿದ ಮೊಣಕೈಯ ಕಥೆ ಅವರಿಗೂ ಗೊತ್ತಿತ್ತು, ಆದರೂ ಹಾಗೆನ್ನುತ್ತಿದ್ದರು. ಹುಡುಗನ ಎದುರಿಗೇ ಆ ಮಾತು ಎತ್ತಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಬಾಳೆಎಲೆಯ ಕಟ್ಟು ಹೊತ್ತು ಅಡುಗೆಯವರು ಹಾದು ಹೋದರು. ತಕ್ಷಣ ಹೊಳೆಯಿತು. ಜೋರಾಗಿ ಹೇಳಿದೆ, “ಮೊದಲನೇ ಪಂಕ್ತಿ, ನನ್ನ ಸೊಂಟಕ್ಕಿಂತ ಕೆಳಗಿನವರು. ಎರಡನೇ ಪಂಕ್ತಿ, ಭುಜಕ್ಕಿಂತ ಕೆಳಗಿನವರು. ಹಿರಿಯರದು ಕೊನೇ ಪಂಕ್ತಿ.”

ಮುಗಿಯಿತು ನೋಡಿ. ಪಂಕ್ತಿ ಎಂದ ಮೇಲೆ ನಮ್ಮ ಜನಕ್ಕೆ ವಿವರಣೆ ಬೇಡ. ಕೂತವರು ಏಳುವವರೆಗೆ ಇನ್ನೊಬ್ಬರು ನಡುವೆ ನುಗ್ಗುವುದಿಲ್ಲ, ಎದ್ದರೆ ಎಲ್ಲರೂ ಒಟ್ಟಿಗೆ ಏಳುತ್ತಾರೆ, ಮುಂದಿನ ಪಂಕ್ತಿಗೆ ಕಾಯುವುದರಲ್ಲಿ ಅವಮಾನವೇನೂ ಇಲ್ಲ. ಹೈಸ್ಕೂಲಿನ ಹುಡುಗರು ತಾವೇ ಹಿರಿಯರ ಗತ್ತಿನಲ್ಲಿ ಜಗಲಿಯ ಮೇಲೆ ಹೋಗಿ ಕೂತರು. ಆ ಚಿಕ್ಕಪ್ಪನೇ ‘ಏಯ್, ನಿಂದು ಎರಡನೇ ಪಂಕ್ತಿ ಕಣೋ’ ಎಂದು ವಿಂಗಡಿಸತೊಡಗಿದರು.

ಪಂಕ್ತಿ ಮೇಲೆ ಪಂಕ್ತಿ ನಡೆಯಿತು. ಒಂದು ಏಳುವಾಗ, ಇನ್ನೊಂದು ಕೂರುವ ಮುಂಚೆ, ನಾನು ಸುತ್ತು ಹಾಕಿ ಬರುತ್ತಿದ್ದೆ. ನಮ್ಮ ಹತ್ತಿರ ಗಾಳಿಯ ವೇಗ ಅಳೆಯುವ ಅಂಗೈಯಗಲದ ಯಂತ್ರವಿದೆ, ಅದನ್ನು ಎತ್ತಿ ಹಿಡಿದು ನೋಡುತ್ತಿದ್ದೆ. ಅದಿಲ್ಲದಿದ್ದರೂ ಪಕ್ಕದ ಮನೆಯ ತಾರಸಿಯಲ್ಲಿ ಒಣಹಾಕಿದ್ದ ಸೀರೆಯೇ ಸಾಕಾಗಿತ್ತು. ಸೀರೆ ಸುಮ್ಮನೆ ತೂಗುತ್ತಿತ್ತು.

ಮೊಣಕೈಯ ಹುಡುಗ ಪ್ರತಿ ಸಲ ಮೊದಲ ಪಂಕ್ತಿಯ ಸಾಲಿಗೆ ಬಂದು ನಿಲ್ಲುತ್ತಿದ್ದ. ಅವನ ತಾಯಿಯ ಕೈ ಅವನ ಭುಜದ ಮೇಲೆ. ಬಾಗಿಲ ಹತ್ತಿರ ಬರುತ್ತಿದ್ದ ಹಾಗೆ ಆ ಕೈ ಬಿಗಿಯಾಗುತ್ತಿತ್ತು. ಮುಂದಿನ ಪಂಕ್ತಿಗೆ ಹೋಗುವೆಯಂತೆ ಎಂದು ಅವರು ಮೆಲ್ಲಗೆ ಹೇಳುತ್ತಿದ್ದರು. ಹುಡುಗ ಹಠ ಮಾಡಲಿಲ್ಲ. ಹಠ ಮಾಡಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ತೂತಿರುವ ಜಾಲರಿಯ ಕಿಟಕಿಗೆ ಮುಖವಿಟ್ಟು ಒಳಗಿನವರು ಕುಣಿಯುವುದನ್ನು ನೋಡುತ್ತಿದ್ದ, ನೋಡುತ್ತಾ ನಿಂತಲ್ಲೇ ಹಿಮ್ಮಡಿ ಎತ್ತಿ ಎತ್ತಿ ಇಳಿಸುತ್ತಿದ್ದ.

ಊಟಕ್ಕೆ ನಾನೂ ಮೈದುನನೂ ಸರದಿಯಲ್ಲಿ ಹೋದೆವು. ಅವನು ಬಾಗಿಲಲ್ಲಿ ನಿಂತ, ನಾನು ಎಲೆಯ ಮುಂದೆ ಕೂತೆ. ಹೋಳಿಗೆ ಊಟ, ಬೇಡವೆಂದರೂ ಬಿಡಲಿಲ್ಲ. ಕೈ ತೊಳೆದು ಬರುವಾಗ ಬಿಸಿಲಿನ ಬಣ್ಣ ಬದಲಾಗಿತ್ತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನ ಹೀಗೆ ಹಳದಿ ತಿರುಗಿದರೆ ಏನರ್ಥವೆಂದು ಇಲ್ಲಿ ಹುಟ್ಟಿ ಬೆಳೆದವರಿಗೆಲ್ಲ ಗೊತ್ತು. ಮೈದುನನನ್ನು ಊಟಕ್ಕೆ ಕಳಿಸಿ, ದೊಡ್ಡವರ ಪಂಕ್ತಿಯನ್ನು ಎಬ್ಬಿಸಿದೆ. ಯಜಮಾನರು ವೀಳ್ಯ ಮೆಲ್ಲುತ್ತಾ ಬಂದು ಪಕ್ಕ ನಿಂತರು. ಸುತ್ತು ಹಾಕಿ ಬರುತ್ತೇನೆ, ಅಲ್ಲಿವರೆಗೆ ಯಾರನ್ನೂ ಒಳಗೆ ಬಿಡಬೇಡಿ ಎಂದು ಹೇಳಿ ಹಿಂದುಗಡೆಗೆ ಹೋದೆ.

ಹಿಂದಿನ ಎರಡು ಮೂಲೆಯಲ್ಲೂ ಮೂಟೆ ಇರಲಿಲ್ಲ.

ಒಂದು ಗಳಿಗೆ ನಾನು ತಪ್ಪು ಜಾಗಕ್ಕೆ ಬಂದೆನೇ ಅನ್ನಿಸಿತು. ಕಲ್ಲಿನ ಮೇಲೆ ಒಂದೊಂದು ಕಡೆ ನಾಲ್ಕು ಮೂಟೆಯ ಅಚ್ಚು, ಒಂದಷ್ಟು ರಾಗಿಯ ಕಾಳು, ಅಷ್ಟೇ. ಎರಡೂ ಕಡಗದ ಬೆಲ್ಟುಗಳನ್ನು ಯಾರೋ ತುಂಬ ಕಾಳಜಿಯಿಂದ ಎಳೆದೊಯ್ದು ಶಾಮಿಯಾನದ ಕಂಬಕ್ಕೆ ಸುತ್ತಿ ಗಂಟು ಹಾಕಿದ್ದರು. ಮುಟ್ಟಿ ನೋಡಿದೆ. ಗಂಟು ಬಿಗಿಯಾಗಿತ್ತು. ಕಂಬ ಅಲ್ಲಾಡುತ್ತಿತ್ತು. ಗಾಳಿ ಬಂದರೆ ಶಾಮಿಯಾನ ಒಂದು ಕಡೆ ಎಳೆಯುತ್ತದೆ, ಗಾಳಿಮನೆ ಇನ್ನೊಂದು ಕಡೆ ಎಳೆಯುತ್ತದೆ. ಒಂದನ್ನೊಂದು ಹಿಡಿಯುವ ಮಾತಿರಲಿ, ಒಂದನ್ನೊಂದು ಕಿತ್ತೊಯ್ಯುತ್ತವೆ.

ಆಗಲೇ ಗೋಡೆಯ ಆಚೆಯಿಂದ ಮಕ್ಕಳ ನಗು ಕೇಳಿಸಿತು. ದಪದಪ ಕುಣಿತ ಶುರುವಾಯಿತು. ಯಜಮಾನರು ಮೊದಲ ಪಂಕ್ತಿಯನ್ನು ಬಿಟ್ಟುಬಿಟ್ಟಿದ್ದರು. ಅವರನ್ನು ಏನೆನ್ನಲಿ? ಆಮೇಲೆ ತಿಳಿಯಿತು, ಅಷ್ಟು ಹೊತ್ತಿನ ಮೇಲೆ ಸೊಸೆ ಮಗನ ಭುಜದ ಮೇಲಿಂದ ಕೈ ತೆಗೆದಿದ್ದರು. ಹುಡುಗ ಬಾಗಿಲಿಗೆ ಬಂದು ತಾತನ ಮುಖ ನೋಡಿದ. ಆ ಮುಖಕ್ಕೆ ತಡಿ ಎನ್ನಲು ಯಾವ ತಾತನಿಗೆ ಸಾಧ್ಯ?

ತಾರಸಿಯ ಸೀರೆ ನೆಟ್ಟಗೆ ಎದ್ದು ನಿಂತಿತು. ಶಾಮಿಯಾನದ ಅಂಚು ಪಟಪಟ ಎಂದಿತು. ನನ್ನ ಕಣ್ಣೆದುರೇ ಗಾಳಿಮನೆಯ ಮೂಲೆ ಬೆರಳಿನಷ್ಟು ಎದ್ದು ಕೂತಿತು.

ಮೂಟೆ ತರಿಸಿ ಕಟ್ಟಿಸಿದರೆ ಆಯಿತು, ಮಕ್ಕಳು ಅಲ್ಲೀತನಕ ಒಳಗೇ ಇರಲಿ ಎಂದು ಒಂದು ಯೋಚನೆ ಬಂದದ್ದು ನಿಜ. ಈಗ ತಾನೇ ಒಳಗೆ ಹೋದ ಹುಡುಗ ಅವನು. ಈಗ ಇಳಿಸಿದರೆ ಇನ್ನೊಮ್ಮೆ ಅವನ ತಾಯಿ ಕೈ ಬಿಡುವರೋ ಇಲ್ಲವೋ. ಆದರೆ ಆ ಮೂಲೆ ಎದ್ದದ್ದನ್ನು ನೋಡಿಬಿಟ್ಟಿದ್ದೆ. ನೋಡಿದ ಮೇಲೆ ಬೇರೆ ದಾರಿಯಿರಲಿಲ್ಲ. ಇಳಿಸುವುದು ಎಂದು ತೀರ್ಮಾನ ಮಾಡಿದೆ.

ಮೈದುನನನ್ನು ಕೂಗಿ ಕರೆದೆ. ಎಲೆ ಬಿಟ್ಟು ಎಂಜಲು ಕೈಯಲ್ಲೇ ಬಂದ. ಹೇಳುವ ಅಗತ್ಯ ಬೀಳಲಿಲ್ಲ, ನೋಡಿದವನೇ ಕಂಬದ ಗಂಟು ಬಿಚ್ಚಿ ಬೆಲ್ಟುಗಳನ್ನು ತನ್ನ ತೋಳಿಗೆ ಸುತ್ತಿಕೊಂಡು ನೆಲಕ್ಕೆ ಕೂತ. ಊಟ ಮುಗಿಸಿ ಕೂತಿದ್ದ ಚಿಕ್ಕಪ್ಪಂದಿರನ್ನು ಕರೆದು, ಒಂದೊಂದು ಮೂಲೆಗೆ ಮೂವರಂತೆ ಟಾರ್ಪಾಲಿನ್ನಿನ ಹೊರ ಅಂಚಿನ ಮೇಲೆ ಕೂರಿಸಿದೆ. ಹೋಳಿಗೆ ಉಂಡ ತರಗುಪೇಟೆಯ ವ್ಯಾಪಾರಸ್ಥರು, ಭಾರಕ್ಕೇನೂ ಕೊರತೆಯಿರಲಿಲ್ಲ. ಯಾಕೆ ಏನು ಎಂದು ಅವರು ಕೇಳುವುದರೊಳಗೆ ನಾನು ಮುಂದಿನ ಬಾಗಿಲಿಗೆ ಬಂದೆ.

ಮಕ್ಕಳ ಮುಂದೆ ಕಿರುಚಬಾರದು. ಕಿರುಚಿದರೆ ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗುತ್ತಾರೆ, ಕೈಕಾಲು ಮುರಿಯುವುದು ಆಗಲೇ. ಬಾಗಿಲಲ್ಲಿ ಮಂಡಿಯೂರಿ ಕೂತು, ಕಥೆ ಹೇಳುವ ದನಿಯಲ್ಲಿ ಹೇಳಿದೆ.

“ಎಲ್ಲಾರೂ ಇದ್ದಲ್ಲೇ ಕೂತ್ಕೊಳ್ಳಿ ಕಂದಾ. ಯಾರೂ ನಿಂತ್ಕೋಬೇಡಿ. ನಾನು ಕರೆದೋರು ಮಾತ್ರ ಕೂತ್ಕೊಂಡೇ ಜಾರ್ಕೊಂಡು ಬರಬೇಕು.”

ಹೆಸರು ಗೊತ್ತಿಲ್ಲ, ಬಟ್ಟೆ ನೋಡಿ ಕರೆದೆ. ಕೆಂಪು ಲಂಗ ಬಾ. ಹಸಿರು ಅಂಗಿ ಬಾ. ಚುಕ್ಕಿ ಫ್ರಾಕು ಬಾ. ಒಬ್ಬೊಬ್ಬರನ್ನೇ ಕಂಕುಳಿಗೆ ಕೈ ಕೊಟ್ಟು ಇಳಿಸಿ ಜಗಲಿಯ ಕಡೆ ಕಳಿಸಿದೆ. ಯಾರೋ ಒಬ್ಬರು ಸಹಾಯ ಮಾಡೋಣವೆಂದು ಸ್ವಿಚ್‌ಬೋರ್ಡಿನ ಕಡೆ ಹೊರಟಿದ್ದರು. “ಸ್ವಿಚ್ ಮುಟ್ಬೇಡಿ. ಕೊನೇ ಮಗು ಇಳೀಲಿ,” ಎಂದೆ. ಅದೊಂದೇ ಮಾತು ಸ್ವಲ್ಪ ಜೋರಾಗಿ ಬಂದದ್ದು.

ಕೊನೆಗೆ ಇಬ್ಬರು ಉಳಿದರು. ಹಿಂದಿನ ಗೋಡೆಗೆ ಒರಗಿ ನಮ್ಮ ಹುಡುಗ, ಅವನ ಪಕ್ಕದಲ್ಲಿ ಮೂರು ವರ್ಷದ ಒಂದು ಕೂಸು. ಅದು ಅಳಲು ಶುರು ಮಾಡಿತ್ತು. ಕರೆದರೆ ಬರಲಿಲ್ಲ. ನಾನು ಒಳಗೆ ಹತ್ತಿದರೆ ನನ್ನ ಭಾರಕ್ಕೆ ಇಬ್ಬರೂ ನನ್ನತ್ತ ಉರುಳುತ್ತಾರೆ. ಹಳದಿ ಅಂಗಿ, ನೀನು ಮೊದಲು ಬಾ ಎಂದೆ.

“ಆಂಟೀ, ಇವಳು ಬರಲ್ವಂತೆ,” ಎಂದ.

ಅವನ ತಾಯಿ ನನ್ನ ಪಕ್ಕದಲ್ಲೇ ಇದ್ದರು. ಬಾಯಿಗೆ ಸೆರಗು ಒತ್ತಿಕೊಂಡಿದ್ದರು, ಆದರೆ ಕೂಗಲಿಲ್ಲ. ಅದೆಷ್ಟು ದೊಡ್ಡ ಉಪಕಾರವೆಂದು ಅವರಿಗೆ ಇವತ್ತಿಗೂ ಗೊತ್ತಿರಲಾರದು. ಹುಡುಗ ಒಂದು ಸಲ ಅಮ್ಮನ ಕಡೆ ನೋಡಿದ. ಆಮೇಲೆ ಹೊಟ್ಟೆಗೆ ಒತ್ತಿಕೊಂಡಿದ್ದ ಎಡಗೈಯನ್ನು ಬಿಡಿಸಿ ಆ ಕೂಸಿನ ಸೊಂಟಕ್ಕೆ ಸುತ್ತಿದ, ಬಲಗೈ ಊರಿಕೊಂಡು ಕೂತಲ್ಲಿಂದಲೇ ಜರುಗಿ ಜರುಗಿ ಬಂದ. ಹಿಂದುಗಡೆ ಮೂಲೆ ಒಮ್ಮೆ ಅದುರಿತು, ಚಿಕ್ಕಪ್ಪಂದಿರ ಹೋ ಎಂಬ ದನಿ ಕೇಳಿತು. ಹುಡುಗ ನಿಲ್ಲಲಿಲ್ಲ. ಕೂಸನ್ನು ನನ್ನ ಕೈಗೆ ಕೊಟ್ಟು, ತಾನು ಅಮ್ಮನ ಕೈಗೆ ಇಳಿದ.

ಆಮೇಲೆ ಬ್ಲೋವರು ಆರಿಸಿದೆವು, ಜಿಪ್ಪು ಎಳೆದೆವು. ಗಾಳಿಮನೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು ಮಲಗಿತು. ಮಲಗಿದ್ದೇ ತಡ, ನಿಜವಾದ ಗಾಳಿ ಬಂತು. ಶಾಮಿಯಾನದ ಒಂದು ಮಗ್ಗುಲು ಕಿತ್ತು ಹಾರಿತು. ಬೆಲ್ಟು ಕಟ್ಟಿದ್ದರಲ್ಲ, ಆ ಕಂಬ ನಿಧಾನವಾಗಿ ವಾಲಿ, ಕಾಂಪೌಂಡಿನ ಗಾಜಿನ ಚೂರುಗಳ ಮೇಲೆ ಹೋಗಿ ಒರಗಿತು. ಎಲ್ಲರೂ ಆ ಕಂಬವನ್ನು ನೋಡಿದೆವು.

ಮಳೆ ಸುರಿಯುವಾಗ ಎಲ್ಲ ಜಗಲಿಯಲ್ಲಿ ಸೇರಿದ್ದೆವು. ಮೂಟೆ ತೆಗೆಸಿದವರು ಯಾರೆಂದು ನಾನು ಕೇಳಲಿಲ್ಲ, ಕೇಳುವ ಮೊದಲೇ ಮನೆಯ ಅಜ್ಜಿ, ಯಜಮಾನರ ಹೆಂಡತಿ, ಬಂದು ನನ್ನ ಪಕ್ಕ ಕೂತರು. ನಾನು ಊಟಕ್ಕೆ ಹೋದಾಗ ಅವರು ಹಿಂದುಗಡೆ ಬಂದಿದ್ದರಂತೆ. ತಮ್ಮ ಪಂಕ್ತಿಗೆ ಕಾಯುತ್ತಿದ್ದ ಹುಡುಗರು ಚಪ್ಪಲಿ ಕಾಲಲ್ಲೇ ಮೂಟೆ ಹತ್ತಿ ನಿಂತು ಒಳಗೆ ಇಣುಕುತ್ತಿದ್ದರಂತೆ.

“ತಿನ್ನೋ ರಾಗಿ ತಾಯಿ. ಅದರ ಮೇಲೆ ಚಪ್ಪಲಿ ಕಾಲು. ನಂಗೆ ಕರುಳು ಚುರ್ ಅಂತು, ಆಳುಗಳಿಗೆ ಹೇಳಿ ತೆಗೆಸ್ದೆ. ಕಂಬಕ್ಕೆ ಗಟ್ಟಿಯಾಗಿ ಕಟ್ಟಿ ಅಂತಾನೂ ಹೇಳಿದ್ದೆ ಕಣವ್ವ, ಸುಮ್ನೆ ಬಿಟ್ಟಿರಲಿಲ್ಲ.”

ಮೂರು ತಲೆಮಾರಿನಿಂದ ಧಾನ್ಯ ಮಾರಿ ಬದುಕಿದ ಮನೆ. ಗೋದಾಮಿನಲ್ಲಿ ಚೆಲ್ಲಿದ ಕಾಳನ್ನೂ ಗುಡಿಸಿ ಕಣ್ಣಿಗೊತ್ತಿಕೊಂಡು ಎತ್ತಿಡುವವರು. ಆ ಮನೆಯ ಹೆಂಗಸಿನ ಕಣ್ಣಿಗೆ ಅದು ಭಾರವಲ್ಲ, ಅನ್ನ. ನಾನು ಮೂಟೆಯ ಮಾತನ್ನು ಯಜಮಾನರ ಹತ್ತಿರ ಆಡಿದ್ದೆ, ಅವರ ಹತ್ತಿರ ಆಡಿರಲಿಲ್ಲ. ನನ್ನ ಅಜ್ಜಿಯಾದರೂ ಅದನ್ನೇ ಮಾಡುತ್ತಿದ್ದಳು ಎಂದು ಅವರಿಗೆ ಹೇಳಿದೆ. ಸುಳ್ಳಲ್ಲ ಅದು. ಅವರು ನನ್ನ ಕೈ ಹಿಡಿದುಕೊಂಡು ಮಳೆ ನಿಲ್ಲುವವರೆಗೆ ಹಾಗೇ ಕೂತಿದ್ದರು.

ಮಳೆ ಬಂದ ಹಾಗೇ ಹೋಯಿತು. ಬಿಸಿಲು ಮತ್ತೆ ಬಂತು. ಯಜಮಾನರು ಅಂಗಳಕ್ಕಿಳಿದು ಆಕಾಶ ನೋಡಿ, ಇನ್ನೇನು, ಮೂಟೆ ಕಟ್ಟಿಸುತ್ತೇನೆ, ಮೇಲೆ ಗೋಣಿ ಹೊದಿಸೋಣ, ಮತ್ತೆ ಊದಿಸಿ ಎಂದರು. ನಾನು ಆಗುವುದಿಲ್ಲ ಎಂದೆ. ಒದ್ದೆ ಟಾರ್ಪಾಲಿನ್ ಮೇಲೆ ಕಾಲು ನಿಲ್ಲುವುದಿಲ್ಲ, ಒದ್ದೆ ಅಂಗಳದಲ್ಲಿ ಬ್ಲೋವರಿನ ವೈರು ಎಳೆಯುವುದಿಲ್ಲ, ಒಂದು ಗಾಳಿ ಬಂದ ದಿನ ಇನ್ನೊಂದು ಬಾರದೆಂಬ ನಂಬಿಕೆಯಿಲ್ಲ. ಅವರ ಮುಖ ಕೆಂಪಾಯಿತು.

“ಎಲ್ಲರ ಮಕ್ಕಳೂ ಕುಣಿದ್ವು. ಇಷ್ಟೆಲ್ಲ ಯಾರಿಗೋಸ್ಕರ ಮಾಡಿದ್ನೋ ಅವನು ಒಂದ್ಸಲಾನೂ ಸರಿಯಾಗಿ ಕುಣೀಲಿಲ್ಲ. ಅವನಿಗೆ ಮಾತು ಕೊಟ್ಟಿದ್ದೆ ನಾನು.”

“ನಾನೂ ಒಬ್ಬರಿಗೆ ಮಾತು ಕೊಟ್ಟಿದ್ದೆ ಯಜಮಾನ್ರೇ,” ಎಂದೆ.

ಅವರು ಬೈದರು. ಜೋರಾಗೇ ಬೈದರು. ಬಾಡಿಗೆಗೆ ತಂದ ವಸ್ತು, ತಮ್ಮ ಮನೆ, ತಮ್ಮ ಅಂಗಳ ಎಂದೆಲ್ಲ ಅಂದರು. ನಾನು ಬೆಲ್ಟು ಸುತ್ತುತ್ತಾ ಕೇಳಿಸಿಕೊಂಡೆ. ಅವರ ಸಿಟ್ಟಿನಲ್ಲಿ ಹೆಚ್ಚಿನ ಪಾಲು ಆ ವಾಲಿದ ಕಂಬದ ಮೇಲಿತ್ತು ಎಂದು ನನಗೆ ತಿಳಿಯುತ್ತಿತ್ತು. ಹುಡುಗ ಜಗಲಿಯ ಮೆಟ್ಟಿಲ ಮೇಲೆ ಕೂತು, ಮಡಿಚಿಟ್ಟ ಗಾಳಿಮನೆಯನ್ನು ನೋಡುತ್ತಿದ್ದ.

ಸೊಸೆಗೆ ನಿರಾಳವಾಗಿರಬೇಕು ಎಂದು ನಾನು ಅಂದುಕೊಂಡಿದ್ದೆ. ಅವರು ಬಂದವರೇ ಮಾವನ ಎದುರಿಗೇ ಕೇಳಿದರು.

“ಬೆಳಿಗ್ಗೆ ಹೊತ್ತು ಗಾಳಿ ಇರಲ್ಲ ಅಲ್ವಾ ಅಕ್ಕಾ? ನಾಳೆ ಬೆಳಿಗ್ಗೆ ಆಗತ್ತಾ, ಅವನೊಬ್ಬನಿಗೆ?”

ಯಜಮಾನರ ಬೈಗುಳ ಅರ್ಧಕ್ಕೇ ನಿಂತಿತು.

ಆ ಸಂಜೆ ಮೈದುನ ಮತ್ತಿಕೆರೆಗೆ ಹೋಗಿ ಮರಳಿನ ಚೀಲಗಳನ್ನು ತಂದ. ಮರುದಿನ ಬೆಳಿಗ್ಗೆ ಅಂಗಳ ಒಣಗಿತ್ತು, ಪಕ್ಕದ ತಾರಸಿಯಲ್ಲಿ ಬೇರೊಂದು ಸೀರೆ, ಅಲುಗಾಟವಿಲ್ಲ. ಒಣ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದೆವು. ಹೊಲಿಗೆ, ಜಿಪ್ಪು, ಕಡಗ, ಎಲ್ಲವನ್ನೂ ಮೊದಲಿಂದ ನೋಡಿದೆವು. ಅಜ್ಜಿ ಬಂದು ಒಂದು ಚೀಲವನ್ನು ಕಾಲ ತುದಿಯಿಂದ ಮುಟ್ಟಿ, ಮರಳು ಎಂದು ಖಾತ್ರಿ ಮಾಡಿಕೊಂಡು, “ಇದನ್ನ ತುಳೀಲಿ ಬಿಡು,” ಎಂದರು. ಯಜಮಾನರು ನಾಲ್ಕೂ ಮೂಲೆ ತಾವೇ ಜಗ್ಗಿ ನೋಡಿದರು. ನನ್ನ ಜೊತೆ ಮಾತಾಡಲಿಲ್ಲ, ಕಾಫಿ ಮಾತ್ರ ಕಳಿಸಿದರು.

ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ನಾನು ಆ ತಾಯಿಗೆ ಒಪ್ಪಿಸಿದೆ. ಫೋನು ಹಿಡಿಯಬಾರದು, ಬೇರೆಯವರ ಜೊತೆ ಮಾತಾಡಬಾರದು, ಕಣ್ಣು ಒಳಗೇ ಇರಬೇಕು, ಅವನು ಕರೆಯದೆ ಒಳಗೆ ಹತ್ತಬಾರದು. ಅವರು ಎಲ್ಲದಕ್ಕೂ ತಲೆಯಾಡಿಸಿ, ಬಾಗಿಲಿನ ಉಬ್ಬಿದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

ಹುಡುಗ ಒಳಗೆ ಹೋದ. ಅಷ್ಟಗಲದ ಜಾಗದಲ್ಲಿ ಅವನೊಬ್ಬನೇ. ಮೊದಲು ನಡುವೆ ನಿಂತು ಹಿಮ್ಮಡಿ ಎತ್ತಿ ಇಳಿಸಿದ. ಆಮೇಲೆ ಸಣ್ಣದೊಂದು ಕುಪ್ಪಳಿಕೆ. ಇನ್ನೊಂದು. ನಗು ಬಂತು ಅವನಿಗೆ, ಎರಡೂ ಕೈ ಮೇಲಕ್ಕೆತ್ತಿ ಹಾರಿದ. ಹಾರಿದವನು ಓರೆಯಾಗಿ ಬಿದ್ದ, ಎಡ ಮಗ್ಗುಲಿಗೆ, ಕೈ ಅಡಿಯಾಗಿ. ಬಿದ್ದವನು ಅಲ್ಲೇ ಮಲಗಿದ. ತಾಯಿಯ ಬೆರಳುಗಳು ಟಾರ್ಪಾಲಿನ್ನಿನಲ್ಲಿ ಹೂತವು. ಅವರು ಹತ್ತಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ.

“ಅಮ್ಮಾ, ಬಿದ್ದೆ,” ಎಂದ ಹುಡುಗ. ಅಳುವ ದನಿಯಲ್ಲ, ವರದಿ ಒಪ್ಪಿಸುವ ದನಿ.

“ನೋಡಿದೆ,” ಎಂದರು ಅವರು. “ಎದ್ದೇಳು.”

ಅವನು ಎಡಗೈ ಊರಿಕೊಂಡು ಎದ್ದ.